ಬಾಗಿಲಲ್ಲಿ ಯಾರಿದ್ದಾರೆ?

2004ರ ಮಳೆಗಾಲ. ಪುಣೆಗೆ ಬಂದು ನನಗಾಗ ಒಂದೂವರೆ ವರ್ಷ. ಒಂದು ಸಣ್ಣ ಕಂಪನಿಯಲ್ಲಿ ರಾತ್ರಿ ಪಾಳಿ. ಹತ್ತಿಪ್ಪತ್ತು ಲಿನಕ್ಸ್ ಸರ್ವರ್‌ಗಳನ್ನು ಕಾಯುವ ಕೆಲಸ. ಹೊಲ ಕಾಯುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿರಲಿಲ್ಲ. ರಾತ್ರಿಯಿಡೀ ಏನೂ ಆಗದಿದ್ದರೆ ಕೆಲಸ ಚೆನ್ನಾಗಿ ನಡೆದಿದೆ ಎಂದರ್ಥ. ಒಂದು ರಾತ್ರಿ ಎರಡು ಗಂಟೆಗೆ ನಮಗೆ ಇಂಟರ್ನೆಟ್ ಲೈನ್ ಕೊಡುವವರಿಂದ ಫೋನ್ ಬಂತು. ನಿಮ್ಮ ಇಂಥ ಯಂತ್ರದಿಂದ ಹೊರಗೆ ವಿಪರೀತ ಟ್ರಾಫಿಕ್ ಹೋಗುತ್ತಿದೆ, ನಿಲ್ಲಿಸಿ, ಇಲ್ಲವಾದರೆ ಲೈನ್ ಕತ್ತರಿಸುತ್ತೇವೆ ಎಂದರು.

ತಕ್ಷಣ ಆ ಯಂತ್ರಕ್ಕೆ ಲಾಗಿನ್ ಆಗಿ, ಕೈಗೆ ರೂಢಿಯಾಗಿದ್ದ ‘ನೆಟ್‌ಸ್ಟ್ಯಾಟ್ -ಎಎನ್’ ಕಮಾಂಡ್ ಹೊಡೆದೆ. ಕರಿ ಪರದೆಯ ಮೇಲೆ ಏಳೆಂಟು ಸಾಲು ಮೂಡಿದವು. 80ನೇ ಪೋರ್ಟಿನಲ್ಲಿ ವೆಬ್ ಸರ್ವರ್ ಕಾಯುತ್ತಿದೆ, 22ರಲ್ಲಿ ಎಸ್‌ಎಸ್‌ಎಚ್ ಕಾಯುತ್ತಿದೆ, ಅದರ ಮೂಲಕ ಒಳಗೆ ಬಂದಿರುವವನು ನಾನೊಬ್ಬನೇ. ಮತ್ತೊಮ್ಮೆ ಹೊಡೆದೆ. ಅದೇ ಸಾಲುಗಳು. ಫೋನ್ ಮಾಡಿದವರದೇ ಏನೋ ತಪ್ಪಿರಬೇಕೆಂದುಕೊಂಡು, ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಹಿರಿಯ ಸಹೋದ್ಯೋಗಿಯನ್ನು ಎಬ್ಬಿಸಿದೆ. ಅವರು ಬೆಳಗಾವಿ ಕಡೆಯವರು, ನಾನು ಹಾವೇರಿಯವನು. ರಾತ್ರಿ ಪಾಳಿಯಲ್ಲಿ ಮಾತ್ರ ನಮ್ಮ ಆಫೀಸಿನ ಭಾಷೆ ಕನ್ನಡವಾಗುತ್ತಿತ್ತು.

“ಸರ್, ನೆಟ್‌ಸ್ಟ್ಯಾಟ್‌ನ್ಯಾಗ ಏನೂ ಕಾಣವಲ್ದು.”

“ಯಾವ ಮಷೀನಿನ ನೆಟ್‌ಸ್ಟ್ಯಾಟ್?”

“ಅದೇ ಮಷೀನಿಂದರೀ.”

“ಕಳ್ಳನ್ನ ಕರದು ಮನ್ಯಾಗ ಯಾರ್ಯಾರು ಅದಾರಪಾ ಅಂತ ಕೇಳಿದಂಗಾತಲ್ಲೋ ತಮ್ಮಾ!”

ಹಾಗೆಂದವರು ಕುರ್ಚಿಯಿಂದ ಏಳದೆಯೇ ರ‍್ಯಾಕಿನಲ್ಲಿದ್ದ ಸ್ವಿಚ್ಚಿನ ಕಡೆ ಕೈ ಮಾಡಿದರು. ಆ ಸರ್ವರಿನ ಕೇಬಲ್ ಸಿಕ್ಕಿಸಿದ್ದ ಜಾಗದ ಹಸಿರು ದೀಪ ಉಸಿರು ಬಿಡದೆ ಮಿನುಗುತ್ತಿತ್ತು. ಯಂತ್ರ ‘ಯಾರೂ ಇಲ್ಲ’ ಅನ್ನುತ್ತಿದೆ, ದೀಪ ‘ಇದ್ದಾರೆ’ ಅನ್ನುತ್ತಿದೆ. ಆ ರಾತ್ರಿ ಮುಂದೆ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಒಂದು ಕಮಾಂಡ್ ಸುಳ್ಳು ಹೇಳಬಹುದು ಎಂಬುದೇ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಅದು ಎಲ್ಲಿಂದ ಬಂತು, ಯಾರನ್ನು ನಂಬಿ ಬಂತು ಎಂದು ಹುಡುಕಲು ಶುರು ಮಾಡಿದ್ದು ಆ ಬೆಳಗಿನಿಂದ.

ಈ ಕಮಾಂಡ್ ಬಳಸದವರಿಗಾಗಿ ಎರಡು ಮಾತು. ನಿಮ್ಮ ಕಂಪ್ಯೂಟರ್ ಈ ಕ್ಷಣ ಹೊರಗಿನ ಯಾವ ಯಾವ ಯಂತ್ರಗಳ ಜೊತೆ ಮಾತಿನಲ್ಲಿದೆ, ಯಾವ ಬಾಗಿಲುಗಳನ್ನು ತೆರೆದುಕೊಂಡು ಕೂತಿದೆ, ಯಾವ ದಾರಿಯಿಂದ ಹೊರಗೆ ಹೋಗುತ್ತದೆ ಎಂಬುದನ್ನು ಸಾಲುಸಾಲಾಗಿ ಬರೆದು ತೋರಿಸುವುದು ನೆಟ್‌ಸ್ಟ್ಯಾಟ್. ವಿಂಡೋಸ್‌ನಲ್ಲೂ ಇದೆ, ಕಮಾಂಡ್ ಪ್ರಾಂಪ್ಟ್ ತೆರೆದು ಹೊಡೆದರೆ ಈಗಲೂ ಉತ್ತರ ಕೊಡುತ್ತದೆ. ನೋಡಲು ಚೆಂದವಿಲ್ಲ. ಆದರೆ ನಾಲ್ಕು ದಶಕಗಳಿಂದ ಅದರ ಮುಖ ಹೆಚ್ಚು ಬದಲಾಗಿಲ್ಲ.

ಅದು ಹುಟ್ಟಿದ್ದು 1983ರಲ್ಲಿ. ಆ ವರ್ಷದ ಜನವರಿ 1ರಂದು ಅಮೆರಿಕದ ಆರ್ಪಾನೆಟ್ ತನ್ನ ಹಳೆಯ ಭಾಷೆಯನ್ನು ಬಿಟ್ಟು ಟಿಸಿಪಿ-ಐಪಿಗೆ ಬದಲಾಯಿತು. ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿದ್ದ ಒಂದು ಸಣ್ಣ ಗುಂಪು ‘4.2 ಬಿಎಸ್‌ಡಿ’ ಎಂಬ ಯೂನಿಕ್ಸನ್ನು ಹೊರತಂದಿತು. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ ಇದಕ್ಕೆ ಹಣ ಕೊಟ್ಟಿತ್ತು. ಹೊಸ ಭಾಷೆಯಲ್ಲಿ ಮಾತಾಡಬಲ್ಲ ಈ ಯೂನಿಕ್ಸ್ ವಿಶ್ವವಿದ್ಯಾಲಯಗಳಿಗೆಲ್ಲ ಹೋಯಿತು. ಐಎಫ್‌ಕಾನ್ಫಿಗ್, ನೆಟ್‌ಸ್ಟ್ಯಾಟ್ ಎರಡೂ ಬಂದದ್ದು ಅದರ ಜೊತೆಗೇ. ನಾಲ್ಕು ತಿಂಗಳ ನಂತರ, ಡಿಸೆಂಬರಿನಲ್ಲಿ, ಮೇರಿಲ್ಯಾಂಡಿನ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬವರು ‘ಪಿಂಗ್’ ಬರೆದರು. ಜಲಾಂತರ್ಗಾಮಿಗಳ ಸೋನಾರ್ ಶಬ್ದದಿಂದ ಆ ಹೆಸರು. ಪಿಂಗ್ ಕೇಳುವುದು ದೂರದ ಯಂತ್ರವನ್ನು: ಇದ್ದೀಯಾ? ನೆಟ್‌ಸ್ಟ್ಯಾಟ್ ಕೇಳುವುದು ತನ್ನದೇ ಯಂತ್ರವನ್ನು: ನಿನ್ನ ಹತ್ತಿರ ಯಾರಿದ್ದಾರೆ?

ಮೊದಲ ನೆಟ್‌ಸ್ಟ್ಯಾಟ್ ಕೆಲಸ ಮಾಡುತ್ತಿದ್ದ ರೀತಿ ನನಗೆ ಬಹಳ ಇಷ್ಟ. ಕರ್ನಲ್ ಎಂಬ ಒಳಮನೆಯಲ್ಲಿ ಸಂಪರ್ಕಗಳ ಪಟ್ಟಿ ಇರುತ್ತದೆ. ಅದನ್ನು ಕೇಳಿ ಪಡೆಯಲು ಆಗ ಸರಿಯಾದ ಕಿಟಕಿಯೇ ಇರಲಿಲ್ಲ. ಹಾಗಾಗಿ ನೆಟ್‌ಸ್ಟ್ಯಾಟ್ ಕರ್ನಲ್ ಫೈಲಿನ ನಕ್ಷೆ ನೋಡಿ, ಪಟ್ಟಿ ಇರುವ ಜಾಗದ ವಿಳಾಸ ಹುಡುಕಿ, ಕಂಪ್ಯೂಟರಿನ ಮೆಮೊರಿಯನ್ನೇ ನೇರವಾಗಿ ಓದುತ್ತಿತ್ತು. ಬಾಗಿಲು ಬಡಿಯುವ ಬದಲು ಹೆಂಚು ಸರಿಸಿ ಇಣುಕಿದ ಹಾಗೆ. ಓಡುತ್ತಿರುವ ಕರ್ನಲ್ ಒಂದು, ಡಿಸ್ಕಿನಲ್ಲಿರುವ ನಕ್ಷೆ ಇನ್ನೊಂದು ಆಗಿದ್ದರೆ ಕಸ ಮಾತ್ರ ಕಾಣುತ್ತಿತ್ತು. ಇಷ್ಟು ಸಲಿಗೆಯ ವಿನ್ಯಾಸ ಸಾಧ್ಯವಾದದ್ದು ಅದು ಸಣ್ಣ ಊರಾಗಿದ್ದರಿಂದ. 1983ರ ಆಗಸ್ಟಿನಲ್ಲಿ ಇಂಟರ್ನೆಟ್ಟಿನಲ್ಲಿ ಇದ್ದ ಯಂತ್ರಗಳು 562. ನಮ್ಮ ಕಡೆ ಒಂದು ಹಳ್ಳಿಯಲ್ಲಿ ಇದಕ್ಕಿಂತ ಹೆಚ್ಚು ಮನೆಗಳಿರುತ್ತವೆ. ಯಾರ ಮನೆಯ ಹಿತ್ತಲ ಬಾಗಿಲು ಯಾವಾಗ ತೆರೆದಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಆ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ.

ನೆಟ್‌ಸ್ಟ್ಯಾಟ್ ತೋರಿಸುವ ಸ್ಥಿತಿಗಳ ಹೆಸರುಗಳು ಅದರದೇ ಅಲ್ಲ. 1981ರ ಸೆಪ್ಟೆಂಬರಿನಲ್ಲಿ ಜಾನ್ ಪೋಸ್ಟೆಲ್ ಸಂಪಾದಿಸಿದ ಆರ್‌ಎಫ್‌ಸಿ 793 ಎಂಬ ದಾಖಲೆ ಟಿಸಿಪಿಯ ನಡವಳಿಕೆಯನ್ನು ಬರೆದಿಟ್ಟಿತು, ಹೆಸರುಗಳು ಅಲ್ಲಿಯವು. ‘ಲಿಸನ್’ ಎಂದರೆ ಬಾಗಿಲು ತೆರೆದು ಕೂತಿದೆ. ‘ಎಸ್ಟಾಬ್ಲಿಷ್ಡ್’ ಎಂದರೆ ಮಾತು ನಡೆದಿದೆ. ನನ್ನ ಗಮನ ಯಾವಾಗಲೂ ನಿಲ್ಲುವುದು ಕೊನೆಯ ಹಂತದ ಎರಡು ಹೆಸರುಗಳ ಮೇಲೆ. ‘ಕ್ಲೋಸ್ ವೇಟ್’: ಆಚೆಯವರು ಮಾತು ಮುಗಿಸಿದ್ದಾರೆ, ಈಚೆಯವರು ಇನ್ನೂ ಬಾಗಿಲು ಹಾಕಿಲ್ಲ. ‘ಟೈಮ್ ವೇಟ್’: ಎರಡೂ ಕಡೆ ಮುಗಿದಿದೆ, ಆದರೂ ದಾರಿಯಲ್ಲಿ ತಡವಾದ ಪ್ಯಾಕೆಟ್ ಯಾವುದಾದರೂ ಬಂದೀತೆಂದು ಸ್ವಲ್ಪ ಹೊತ್ತು ಕಾಯಬೇಕು. ಆರ್‌ಎಫ್‌ಸಿಯ ಲೆಕ್ಕದಲ್ಲಿ ನಾಲ್ಕು ನಿಮಿಷ, ಲಿನಕ್ಸ್‌ನಲ್ಲಿ 60 ಸೆಕೆಂಡು. ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವವರಿಗೆ, ಬಸ್ಸು ತಿರುವು ದಾಟುವವರೆಗೆ ಅಗಸಿಯ ಹತ್ತಿರ ನಿಲ್ಲುವ ಅವ್ವಂದಿರಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ವ್ಯತ್ಯಾಸ: ಟಿಸಿಪಿಯಲ್ಲಿ ಹೀಗೆ ಕಾಯಬೇಕಾದವರು ಮೊದಲು ಹೊರಟವರು.

ಈ ಸಣ್ಣ ಊರಿನ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು 1988ರ ನವೆಂಬರ್ 2ರ ಸಂಜೆ. ಆ ವೇಳೆಗೆ ಊರು ಬೆಳೆದಿತ್ತು; ಅಕ್ಟೋಬರಿನ ಎಣಿಕೆಯಲ್ಲಿ 56,000 ಯಂತ್ರಗಳು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಒಂದು ಪ್ರೋಗ್ರಾಮನ್ನು ಎಂಐಟಿಯ ಕಂಪ್ಯೂಟರಿನಿಂದ ಹೊರಬಿಟ್ಟ. ತಾನಾಗಿಯೇ ನಕಲಾಗುತ್ತ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವ ಹುಳ ಅದು. ಅಂಚೆ ಸಾಗಿಸುವ ಸೆಂಡ್‌ಮೇಲ್‌ನಲ್ಲಿ ಪರೀಕ್ಷೆಗೆಂದು ಬಿಟ್ಟಿದ್ದ ಕಿಂಡಿಯೊಂದರಿಂದ, ಊರಿನವರ ವಿವರ ಹೇಳುವ ‘ಫಿಂಗರ್’ ಸೇವೆಯಲ್ಲಿ ಉದ್ದ ಅಳೆಯದೆ ಬಿಟ್ಟ 512 ಬೈಟಿನ ಜಾಗವೊಂದರಿಂದ, ಪಾಸ್‌ವರ್ಡ್ ಊಹಿಸುವುದರಿಂದ, ಯಂತ್ರಗಳು ಒಂದನ್ನೊಂದು ಪಾಸ್‌ವರ್ಡ್ ಕೇಳದೆ ಒಳಬಿಡುತ್ತಿದ್ದ ಸ್ನೇಹದಿಂದ ಅದು ನುಗ್ಗುತ್ತಿತ್ತು. ಪಾಸ್‌ವರ್ಡ್ ಊಹಿಸಲು ತನ್ನದೇ 432 ಪದಗಳ ಪಟ್ಟಿಯನ್ನು ಹೊತ್ತು ತಿರುಗುತ್ತಿತ್ತು.

ಒಳಗೆ ಬಂದ ಹುಳ ಮುಂದೆ ಎಲ್ಲಿ ಹೋಗಬೇಕು ಎಂದು ತಿಳಿಯುವುದು ಹೇಗೆ? ಅದಕ್ಕೆ ಹೊಸ ಉಪಾಯ ಬೇಕಾಗಲಿಲ್ಲ. ಅದು ಮಾಡಿದ ಕೆಲಸಗಳಲ್ಲಿ ಒಂದು, ಆ ಯಂತ್ರದಲ್ಲೇ ಇದ್ದ ನೆಟ್‌ಸ್ಟ್ಯಾಟನ್ನು ‘-ಆರ್ -ಎನ್’ ಎಂದು ಓಡಿಸಿ, ದಾರಿಗಳ ಪಟ್ಟಿಯನ್ನು ಓದಿ, ಅಲ್ಲಿದ್ದ ಗೇಟ್‌ವೇಗಳ ವಿಳಾಸಗಳನ್ನು ಬರೆದುಕೊಳ್ಳುವುದು. ಹುಳದ ಒಳಗನ್ನು ಬಿಚ್ಚಿ ನೋಡಿದ ಯೂಟಾದ ಡಾನ್ ಸೀಲಿ, ಪರ್ಡ್ಯೂದ ಜೀನ್ ಸ್ಪಾಫರ್ಡ್ ಇಬ್ಬರೂ ತಮ್ಮ ವರದಿಗಳಲ್ಲಿ ಇದನ್ನು ದಾಖಲಿಸಿದ್ದಾರೆ. ಇದನ್ನು ಮೊದಲು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮಂಥವರು ಮನೆ ಕಾಯಲು ಹೊಡೆಯುವ ಅದೇ ಕಮಾಂಡು. ಐದು ವರ್ಷದ ಹಿಂದೆ ಬರ್ಕ್ಲಿಯವರು ಹೆಂಚು ಸರಿಸಿ ಮಾಡಿಟ್ಟ ಇಣುಕುಗಿಂಡಿಯಿಂದ ಈಗ ಇಣುಕುತ್ತಿದ್ದದ್ದು ಬೇರೆಯವನು. ನೆಟ್‌ಸ್ಟ್ಯಾಟ್ ಕೇಳಿದವರು ಯಾರು ಎಂದು ವಿಚಾರಿಸಲಿಲ್ಲ. ವಿಚಾರಿಸಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹುಳ ಫೈಲುಗಳನ್ನು ಅಳಿಸಲಿಲ್ಲ, ಕದಿಯಲಿಲ್ಲ. ಒಂದು ಯಂತ್ರದಲ್ಲಿ ತನ್ನಂಥದೇ ಇನ್ನೊಂದು ಹುಳ ಇದ್ದರೆ ಎರಡರಲ್ಲಿ ಒಂದು ಹಿಂದೆ ಸರಿಯಬೇಕು ಎಂಬ ಏರ್ಪಾಡೂ ಇತ್ತು. ಆದರೆ ಸುಳ್ಳು ಉತ್ತರ ಕೊಟ್ಟು ಯಾರಾದರೂ ತಡೆದಾರು ಎಂದು, ಏಳರಲ್ಲಿ ಒಂದು ಸಲ ಏನೇ ಆದರೂ ಉಳಿಯಬೇಕೆಂದು ಬರೆದಿದ್ದ. ಆ ಒಂದೇ ಲೆಕ್ಕ ತಪ್ಪಿತು. ಹುಳಗಳು ರಾಶಿಬಿದ್ದು ಯಂತ್ರಗಳು ಉಸಿರುಗಟ್ಟಿದವು. ಆರು ಸಾವಿರ ಯಂತ್ರಗಳಿಗೆ ಹರಡಿತು ಎಂದು ಎಲ್ಲ ಕಡೆ ಬರೆಯುತ್ತಾರೆ. ಆ ಸಂಖ್ಯೆ ಹುಟ್ಟಿದಾಗ ತಾನು ಅಲ್ಲೇ ಇದ್ದೆ, ಸುಮಾರು 60,000 ಯಂತ್ರಗಳಿರಬಹುದು, ಅದರಲ್ಲಿ ಶೇ 10ಕ್ಕೆ ತಗುಲಿರಬಹುದು ಎಂದು ಯಾರೋ ಊಹಿಸಿದ್ದಷ್ಟೇ ಎಂದು ಪಾಲ್ ಗ್ರಹಾಂ ಬರೆದಿದ್ದಾರೆ. ಹುಳ ಹೊಕ್ಕ ಯಂತ್ರಗಳನ್ನು ಎಣಿಸಿದವರಿಲ್ಲ, ಆದರೂ ಸಂಖ್ಯೆ ಪಠ್ಯಪುಸ್ತಕ ಸೇರಿದೆ.

ಈ ಕಥೆಯಲ್ಲಿ ಇನ್ನೊಂದು ಎಳೆ ಇದೆ. ಹುಡುಗನ ತಂದೆಯ ಹೆಸರೂ ರಾಬರ್ಟ್ ಮಾರಿಸ್. ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಕಟ್ಟಿದವರ ಜೊತೆ ಇದ್ದವರು. 1979ರಲ್ಲಿ ಅವರು ಕೆನ್ ಥಾಂಪ್ಸನ್ ಜೊತೆ ಸೇರಿ ಪಾಸ್‌ವರ್ಡ್‌ಗಳ ಮೇಲೆ ಒಂದು ಪ್ರಬಂಧ ಬರೆದರು. ಅವರು ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳಲ್ಲಿ ಶೇ 86ರಷ್ಟು ಸುಲಭವಾಗಿ ಊಹಿಸಬಹುದಾದಂಥವು. ಅಪ್ಪ ಎಚ್ಚರಿಸಿದ ದಾರಿಯಲ್ಲೇ ಒಂಬತ್ತು ವರ್ಷದ ನಂತರ ಮಗನ ಹುಳ ನಡೆಯಿತು. ಆಗ ಅಪ್ಪ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಕಂಪ್ಯೂಟರ್ ಸುರಕ್ಷಾ ಕೇಂದ್ರದಲ್ಲಿ ಮುಖ್ಯ ವಿಜ್ಞಾನಿ. ಮಗನಿಗೆ 1990ರಲ್ಲಿ ಮೂರು ವರ್ಷದ ಪ್ರೊಬೇಷನ್, 400 ಗಂಟೆ ಸಮುದಾಯ ಸೇವೆ, 10,050 ಡಾಲರ್ ದಂಡ ಆಯಿತು. ಮುಂದೆ ಆತ ಎಂಐಟಿಯಲ್ಲೇ ಪ್ರಾಧ್ಯಾಪಕನಾದ. ನಮ್ಮಲ್ಲಾಗಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸಿದ್ದೇನೆ, ಉತ್ತರ ಸಿಕ್ಕಿಲ್ಲ.

ಅದೇ ಕೆನ್ ಥಾಂಪ್ಸನ್ 1983ರ ಟ್ಯೂರಿಂಗ್ ಪ್ರಶಸ್ತಿಯನ್ನು ಡೆನ್ನಿಸ್ ರಿಚಿ ಜೊತೆ ಪಡೆದವರು. ಅವರ ಪ್ರಶಸ್ತಿ ಭಾಷಣ 1984ರ ಆಗಸ್ಟಿನಲ್ಲಿ, ಅಂದರೆ ನೆಟ್‌ಸ್ಟ್ಯಾಟ್ ಬಂದ ಸರಿಯಾಗಿ ಒಂದು ವರ್ಷಕ್ಕೆ, ಅಚ್ಚಾಯಿತು. ಪ್ರಶಸ್ತಿ ಪಡೆದವರು ಸಾಮಾನ್ಯವಾಗಿ ತಾವು ಕಟ್ಟಿದ್ದರ ಹಿರಿಮೆ ಹೇಳುತ್ತಾರೆ. ಇವರು ಹೇಳಿದ್ದು ತಾವು ಕಟ್ಟಿದ್ದನ್ನು ನಂಬಬೇಡಿ ಎಂದು. ಪಾಸ್‌ವರ್ಡ್ ಕೇಳುವ ಲಾಗಿನ್ ಪ್ರೋಗ್ರಾಮಿನಲ್ಲಿ ಗುಪ್ತ ಬಾಗಿಲೊಂದನ್ನು ಇಡಬಹುದು. ಅದನ್ನು ಇಡುವ ಕೆಲಸವನ್ನು ಕಂಪೈಲರಿಗೇ ಕಲಿಸಬಹುದು. ಆಮೇಲೆ ಕಂಪೈಲರಿನ ಮೂಲ ಬರಹದಿಂದಲೂ ಅದರ ಗುರುತನ್ನು ಅಳಿಸಬಹುದು. ಓದಿದರೆ ಎಲ್ಲ ಸರಿ ಇರುತ್ತದೆ, ಓಡಿಸಿದರೆ ಬಾಗಿಲು ತೆರೆದಿರುತ್ತದೆ. ತಾನೇ ಪೂರ್ತಿ ಬರೆಯದ ಪ್ರೋಗ್ರಾಮನ್ನು ಯಾರೂ ಪೂರ್ತಿ ನಂಬಲಾಗದು ಎಂಬುದು ಆ ಭಾಷಣದ ತಿರುಳು.

ಥಾಂಪ್ಸನ್ ತೋರಿಸಿದ್ದು ಬಹಳ ಜಾಣತನದ ದಾರಿ. ಕಳ್ಳರಿಗೆ ಅಷ್ಟು ಜಾಣತನ ಬೇಕಾಗಲಿಲ್ಲ. 1990ರ ದಶಕದ ಮೊದಲ ಭಾಗದಲ್ಲಿ ಸನ್ ಯಂತ್ರಗಳಿಗೆ, ಆಮೇಲೆ ಲಿನಕ್ಸ್‌ಗೆ, ‘ರೂಟ್‌ಕಿಟ್’ ಎಂಬ ಗಂಟುಗಳು ಕೈಯಿಂದ ಕೈಗೆ ಹರಿದಾಡತೊಡಗಿದವು. ಯಂತ್ರದೊಳಗೆ ಹೊಕ್ಕವನು ಮಾಡುತ್ತಿದ್ದ ಕೆಲಸ ಸರಳ: ಕಾವಲುಗಾರ ಬಳಸುವ ಪಿಎಸ್, ಎಲ್‌ಎಸ್, ಐಎಫ್‌ಕಾನ್ಫಿಗ್, ನೆಟ್‌ಸ್ಟ್ಯಾಟ್ ಇವನ್ನೇ ತೆಗೆದು ಅದೇ ಹೆಸರಿನ ಬೇರೆಯವನ್ನು ಇಡುವುದು. ಅವು ಎಲ್ಲವನ್ನೂ ನಿಜವೇ ಹೇಳುತ್ತವೆ, ಕಳ್ಳನ ವಿಷಯವೊಂದನ್ನು ಬಿಟ್ಟು. ಎಲ್‌ಆರ್‌ಕೆ ಎಂಬ ಲಿನಕ್ಸ್ ರೂಟ್‌ಕಿಟ್ಟಿನ ನೆಟ್‌ಸ್ಟ್ಯಾಟ್, ಯಾವ ವಿಳಾಸ, ಯಾವ ಪೋರ್ಟು ತೋರಿಸಬಾರದು ಎಂಬ ಪಟ್ಟಿಯನ್ನು ‘ಪಿಟಿವೈಕ್ಯೂ’ ಎಂಬ ಹೆಸರಿನ ಫೈಲಿನಿಂದ ಓದಿಕೊಳ್ಳುತ್ತಿತ್ತು. ಅದನ್ನು ಇಡುತ್ತಿದ್ದದ್ದು ‘ಡೆವ್’ ಡೈರೆಕ್ಟರಿಯಲ್ಲಿ. ಅಲ್ಲಿ ಆಗ ಅಂಥ ಹೆಸರಿನ ಫೈಲುಗಳು ನೂರಾರು ಇರುತ್ತಿದ್ದವು, ಒಂದು ಹೆಚ್ಚಾದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಮ್ಮಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದ್ದು 1995ರ ಆಗಸ್ಟ್ 15ರಂದು. ಆಗ ಅಗ್ಗದ ‘ಶೆಲ್ ಅಕೌಂಟ್’ ಪಡೆದವರಿಗೆ ಸಿಗುತ್ತಿದ್ದದ್ದು ಚಿತ್ರಗಳಿಲ್ಲದ, ಅಕ್ಷರಗಳಷ್ಟೇ ಇರುವ ಪರದೆ. ಹಾಗಾಗಿ ನಮ್ಮ ತಲೆಮಾರಿನ ಎಷ್ಟೋ ಜನರಿಗೆ ಇಂಟರ್ನೆಟ್ ಮೊದಲು ಕಂಡದ್ದು ಇದೇ ಕರಿ ಪರದೆಯ ಮೇಲೆ. ರೂಟ್‌ಕಿಟ್ಟುಗಳ ಕಾಲ ಆಗಲೇ ಶುರುವಾಗಿತ್ತು, ಆದರೆ ನಾವು ಬಂದದ್ದು 1983ರ ನಂಬಿಕೆಯನ್ನು ಹೊತ್ತುಕೊಂಡು.

ನೆಟ್‌ಸ್ಟ್ಯಾಟ್ ನಿಜ ಹೇಳಿದರೂ ಕೈಕಟ್ಟಿ ನೋಡಬೇಕಾದ ಸಂದರ್ಭ ಬಂದದ್ದು 1996ರ ಸೆಪ್ಟೆಂಬರ್‌ನಲ್ಲಿ. ಟಿಸಿಪಿಯಲ್ಲಿ ಮಾತು ಶುರುವಾಗುವುದು ಮೂರು ಹೆಜ್ಜೆಯಲ್ಲಿ: ಒಬ್ಬರು ಕರೆಯುತ್ತಾರೆ, ಇನ್ನೊಬ್ಬರು ಓಗೊಡುತ್ತಾರೆ, ಮೊದಲಿನವರು ‘ಸರಿ’ ಎನ್ನುತ್ತಾರೆ. ಸುಳ್ಳು ವಿಳಾಸದಿಂದ ಬರೀ ಕರೆಯುತ್ತಲೇ ಇದ್ದು ಮೂರನೆಯ ಹೆಜ್ಜೆ ಇಡದಿದ್ದರೆ? ಸಾವಿರ ಮಿಸ್ಡ್ ಕಾಲ್ ಕೊಟ್ಟ ಹಾಗೆ. ಹಳೆಯ ಬಿಎಸ್‌ಡಿಯಲ್ಲಿ ಒಂದು ಬಾಗಿಲ ಮುಂದಿನ ಸರದಿಗೆ ಕೇಳಬಹುದಾಗಿದ್ದ ಗರಿಷ್ಠ ಉದ್ದ ಬರೀ ಐದು. ಅರೆಬರೆ ಕರೆಯೊಂದು ಅಲ್ಲಿ 75 ಸೆಕೆಂಡು ಜಾಗ ಹಿಡಿದಿರುತ್ತಿತ್ತು. ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಸಂಸ್ಥೆಯ ಮೇಲೆ 6ನೇ ತಾರೀಖಿನಿಂದ ಹೀಗೆ ದಾಳಿ ನಡೆಯಿತು. ಇಂಥ ದಾಳಿಯಲ್ಲಿ ನೆಟ್‌ಸ್ಟ್ಯಾಟ್ ಹೊಡೆದರೆ ಪರದೆಯ ತುಂಬ ಅರ್ಧಕ್ಕೆ ನಿಂತ ಕರೆಗಳು. ಏನಾಗುತ್ತಿದೆ ಎಂಬುದು ಸ್ಪಷ್ಟ, ಕರೆಯುತ್ತಿರುವವನು ಯಾರು ಎಂಬುದು ಮಾತ್ರ ಅಲ್ಲಿರುವುದಿಲ್ಲ, ಯಾಕೆಂದರೆ ಬರೆದಿರುವ ವಿಳಾಸವೇ ಸುಳ್ಳು. ಅದೇ ತಿಂಗಳು ಡ್ಯಾನ್ ಬರ್ನ್‌ಸ್ಟೈನ್ ‘ಸಿನ್ ಕುಕಿ’ ಎಂಬ ಉಪಾಯ ಸೂಚಿಸಿದರು: ಕರೆದವರ ಹೆಸರನ್ನು ಬರೆದಿಟ್ಟುಕೊಳ್ಳಲೇಬೇಡಿ, ಓಗೊಡುವ ಉತ್ತರದಲ್ಲೇ ಗುರುತು ಸೇರಿಸಿ ಕಳಿಸಿ, ನಿಜವಾದವರಾದರೆ ಅದನ್ನು ಹೊತ್ತು ವಾಪಸು ಬರುತ್ತಾರೆ. ಇಂದಿಗೂ ಲಿನಕ್ಸ್ ಯಂತ್ರಗಳು ಇದನ್ನು ಬಳಸುತ್ತವೆ.

ಈಗ ಪುಣೆಯ ಆ ರಾತ್ರಿಗೆ ಬರೋಣ. ಹಿರಿಯರು ಎದ್ದು ಬಂದು ನನ್ನ ಕೀಬೋರ್ಡ್ ಎಳೆದುಕೊಂಡರು. ಲಿನಕ್ಸ್‌ನಲ್ಲಿ ನೆಟ್‌ಸ್ಟ್ಯಾಟ್ ಮೆಮೊರಿಯನ್ನು ಇಣುಕಬೇಕಾಗಿಲ್ಲ. ಕರ್ನಲ್ ತನ್ನ ಪಟ್ಟಿಯನ್ನು ‘ಪ್ರಾಕ್’ ಎಂಬ ಡೈರೆಕ್ಟರಿಯೊಳಗೆ ‘ನೆಟ್/ಟಿಸಿಪಿ’ ಎಂಬ ಫೈಲಿನ ರೂಪದಲ್ಲಿ ತಾನೇ ಹೊರಗಿಡುತ್ತದೆ. ನೆಟ್‌ಸ್ಟ್ಯಾಟ್ ಅದನ್ನು ಓದಿ ಅಂದವಾಗಿ ಬರೆದು ತೋರಿಸುತ್ತದೆ, ಅಷ್ಟೇ. ಅವರು ಆ ಗುಮಾಸ್ತನನ್ನು ಬದಿಗಿಟ್ಟು ಫೈಲನ್ನೇ ತೆರೆದರು. ವಿಳಾಸಗಳು ಹೆಕ್ಸಾಡೆಸಿಮಲ್ ಅಂಕೆಗಳಲ್ಲಿ, ಅದೂ ಹಿಂದುಮುಂದಾಗಿ ಇರುತ್ತವೆ, 127.0.0.1 ಎಂಬುದು 0100007ಎಫ್ ಎಂದು. ಸ್ಥಿತಿಗೂ ಅಂಕೆ: 0ಎ ಎಂದರೆ ಲಿಸನ್, 01 ಎಂದರೆ ಎಸ್ಟಾಬ್ಲಿಷ್ಡ್. ನೆಟ್‌ಸ್ಟ್ಯಾಟ್ ತೋರಿಸಿದ್ದಕ್ಕಿಂತ ಸಾಲುಗಳು ಹೆಚ್ಚಿದ್ದವು. ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು. ಆಚೆ ತುದಿಯ ಪೋರ್ಟು 1ಎ0ಬಿ, ಸ್ಥಿತಿ 01.

“ಲೆಕ್ಕಾ ಹಾಕು.”

26ನ್ನು 256ರಿಂದ ಗುಣಿಸಿ 11 ಕೂಡಿಸಿದೆ. 6667. ಐಆರ್‌ಸಿ ಚಾಟ್ ಸರ್ವರಿನ ಪೋರ್ಟು. ನಮ್ಮ ಯಂತ್ರ ಎಲ್ಲೋ ಒಂದು ಚಾಟ್ ಕೋಣೆಯಲ್ಲಿ ಕೂತು ಯಾರದೋ ಅಪ್ಪಣೆಗೆ ಕಾಯುತ್ತಿತ್ತು. ಅಪ್ಪಣೆ ಬಂದಾಗ ಹೇಳಿದವರ ಮೇಲೆ ಪ್ಯಾಕೆಟ್ ಎರಚುತ್ತಿತ್ತು. ಪ್ಯಾಕೇಜಿನ ದಾಖಲೆಯೊಂದಿಗೆ ಹೋಲಿಸಿ ನೋಡಿದರೆ ನೆಟ್‌ಸ್ಟ್ಯಾಟ್ ಫೈಲಿನ ಗಾತ್ರ, ತಾಳೆಯ ಮೊತ್ತ, ದಿನಾಂಕ ಮೂರೂ ಬೇರೆ. ಕೇಬಲ್ ಕಿತ್ತೆವು. ದೀಪ ಆರಿತು. ಬೆಳಗಿನವರೆಗೆ ಇನ್ನೊಂದು ಡಿಸ್ಕಿನಲ್ಲಿ ಎಲ್ಲವನ್ನೂ ಹೊಸದಾಗಿ ಹಾಕಿದೆವು. ನಮ್ಮ ಅದೃಷ್ಟಕ್ಕೆ ಆ ಕಳ್ಳ ಹಳೆಯ ಕಾಲದವನು. ಕರ್ನಲ್ಲನ್ನೇ ತಿದ್ದಿ, ಪ್ರಾಕ್‌ನಲ್ಲೂ ಕಾಣದಂತೆ ಮಾಡುವ ರೂಟ್‌ಕಿಟ್ಟುಗಳು ಆಗಲೇ ಇದ್ದವು. ಅವನು ಅಂಥದನ್ನು ಹಾಕಿದ್ದರೆ ನಮಗೆ ಸಾಕ್ಷಿ ಹೇಳಲು ಸ್ವಿಚ್ಚಿನ ದೀಪವೊಂದೇ ಉಳಿಯುತ್ತಿತ್ತು.

ಈಗ ನೆಟ್‌ಸ್ಟ್ಯಾಟ್‌ನ ಕಾಲ ಮುಗಿಯುತ್ತ ಬಂದಿದೆ, ಕಡೆಯ ಪಕ್ಷ ಲಿನಕ್ಸ್‌ನಲ್ಲಿ. ರಷ್ಯಾದ ಅಲೆಕ್ಸಿ ಕುಜ್ನೆತ್ಸೋವ್ ಬರೆದ ‘ಎಸ್‌ಎಸ್’ ಅದರ ಜಾಗಕ್ಕೆ ಬಂದಿದೆ. ಇದು ಫೈಲು ಓದುವ ಬದಲು ಕರ್ನಲ್ ಜೊತೆ ನೇರ ಮಾತಾಡುತ್ತದೆ. ಲಕ್ಷ ಸಂಪರ್ಕಗಳಿರುವ ಸರ್ವರಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. 2017ರಲ್ಲಿ ಬಂದ ಡೆಬಿಯನ್ 9ರಿಂದ ಈಚೆಗೆ ನೆಟ್‌ಸ್ಟ್ಯಾಟ್ ತಾನಾಗಿ ಬರುವುದಿಲ್ಲ, ಬೇಕಾದವರು ಹಾಕಿಕೊಳ್ಳಬೇಕು. ನನ್ನ ಬೆರಳುಗಳಿಗೆ ಇದಿನ್ನೂ ತಿಳಿದಿಲ್ಲ. ಹೊಸ ಯಂತ್ರಕ್ಕೆ ಹೋದಾಗ ಮೊದಲು ಹೊಡೆಯುವುದು ಅದನ್ನೇ. ‘ಅಂಥ ಕಮಾಂಡ್ ಇಲ್ಲ’ ಎಂದು ಉತ್ತರ ಬರುತ್ತದೆ.

ಬೆಳಗಾವಿಯ ಹಿರಿಯರು ನಿವೃತ್ತರಾಗಿ ಊರು ಸೇರಿದ್ದಾರೆ. ಹೋದ ದೀಪಾವಳಿಯಲ್ಲಿ ಫೋನ್ ಮಾಡಿದಾಗ ಈ ವಿಷಯ ಹೇಳಿದೆ: ನೆಟ್‌ಸ್ಟ್ಯಾಟ್ ಹೋತರೀ ಸರ್, ಈಗೆಲ್ಲಾ ಎಸ್‌ಎಸ್. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

“ಅದನ್ನೂ ಅದೇ ಮಷೀನಿನ್ಯಾಗೇ ಹೊಡೀತಿಯೇನೋ?”